ಮಂಗನ ಕೈಯ ಕಲ್ಲು

(ಸೀಕಾಕಸ್‌ನಲ್ಲಿ ನಡೆದ ವಾರ್ಷಿಕ ಸಮಾವೇಶದ ಆಶಯ ಭಾಷಣದ ಬರಹರೂಪ)



ಮಂಗನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ನಕ್ಕರು. ನಾನು ಊರಲ್ಲಿ ಪ್ರಾಣಿಶಾಸ್ತ್ರ ಓದಿದವನು. ಇಲ್ಲಿ ಹೊಟ್ಟೆಪಾಡಿಗೆ ಬೇರೆಯದೇ ಕೆಲಸ. ಮಂಗಗಳ ಬಗ್ಗೆ ಓದುವುದು ಮಾತ್ರ ಬಿಡದ ಚಟ. ಇವತ್ತು ಈ ವಿಷಯ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ನಾನು ಮಾಡಿದ ಒಂದು ತಪ್ಪು. ಅದನ್ನು ಆಮೇಲೆ ಹೇಳುತ್ತೇನೆ.

‘ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ’ ಎನ್ನುತ್ತೇವೆ. ಬೆಲೆ ತಿಳಿಯದವನ ಕೈಗೆ ಬೆಲೆಯುಳ್ಳದ್ದು ಸಿಕ್ಕಿತು ಎಂದು ಅರ್ಥ. ಮಾಣಿಕ್ಯದ ಮಾತು ಬಿಡಿ. ಮಂಗನ ಕೈಗೆ ಕಲ್ಲು ಕೊಟ್ಟು ನೋಡಿ, ಅದರ ಬೆಲೆ ನಮಗಿಂತ ಚೆನ್ನಾಗಿ ಅದಕ್ಕೆ ಗೊತ್ತು.

ಬ್ರೆಜಿಲ್ ದೇಶದ ಪಿಯಾವಿ ರಾಜ್ಯದಲ್ಲಿ ಕಾಪುಚಿನ್ ಎಂಬ ಮಂಗಗಳಿವೆ. ಗಂಡು ಮೂರ್ನಾಲ್ಕು ಕಿಲೋ ತೂಗಿದರೆ ಹೆಚ್ಚು. ಅಂಥದ್ದು ಸುಮಾರು ಒಂದು ಕಿಲೋ ತೂಕದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಎರಡು ಕಾಲ ಮೇಲೆ ನಿಂತು, ತಾಳೆ ಜಾತಿಯ ಗಟ್ಟಿ ಕಾಯಿಯ ಮೇಲೆ ಕುಟ್ಟುತ್ತದೆ. ಕಾಯಿಯನ್ನೂ ಸುಮ್ಮನೆ ಇಡುವುದಿಲ್ಲ. ಬಂಡೆಯ ಕುಳಿಯಲ್ಲಿ ಒಂದೆರಡು ಸಲ ತಟ್ಟಿ, ತಿರುಗಿಸಿ, ಉರುಳದ ಹಾಗೆ ಕೂರಿಸುತ್ತದೆ. ನಮ್ಮಜ್ಜಿ ಒರಳಿನ ಮುಂದೆ ಕೂತಂತೆ.

ಎಲಿಸಬೆಟ್ಟಾ ವಿಸಲ್‌ಬರ್ಗಿ, ಡೊರೊತಿ ಫ್ರಾಗಝಿ ಮತ್ತು ಸಂಗಡಿಗರು ಈ ಮಂಗಗಳ ಮುಂದೆ ಬೇರೆ ಬೇರೆ ಕಲ್ಲುಗಳನ್ನಿಟ್ಟು ನೋಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪುಡಿಯಾಗುವ ಕಲ್ಲು ಮತ್ತು ಗಟ್ಟಿ ಕಲ್ಲು ಇಟ್ಟರೆ ಗಟ್ಟಿಯದನ್ನೇ ಎತ್ತಿಕೊಂಡವು. ಚಿಕ್ಕದು, ದೊಡ್ಡದು ಇಟ್ಟರೆ ದೊಡ್ಡದನ್ನು. ಆಮೇಲೆ ಮೋಸದ ಕಲ್ಲುಗಳು ಬಂದವು: ನೋಡಲು ದೊಡ್ಡದು, ತೂಕ ಕಡಿಮೆ, ನೋಡಲು ಚಿಕ್ಕದು, ತೂಕ ಹೆಚ್ಚು. ಮಂಗಗಳು ಮೋಸಹೋಗಲಿಲ್ಲ. ಸರಿಸಿ ನೋಡಿದವು, ಎತ್ತಿ ನೋಡಿದವು, ಬೆರಳಿಂದ ತಟ್ಟಿ ನೋಡಿದವು. ಕೊನೆಗೆ ಭಾರವಾದದ್ದನ್ನೇ ಆರಿಸಿದವು. ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುವ ನಮಗೆ ಇದು ಹೊಸದೇನಲ್ಲ!

ಇದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಮರಿಗಳು ದೊಡ್ಡವರ ಪಕ್ಕದಲ್ಲೇ ಸುಳಿದಾಡಿ, ಚೂರುಪಾರು ತಿಂದು, ಅದೇ ಕಲ್ಲಿನ ಜೊತೆ ಆಡಿ, ವರ್ಷಗಟ್ಟಲೆ ಕಲಿಯುತ್ತವೆ. ಅದೇ ರಾಜ್ಯದ ಸೆರಾ ದ ಕಾಪಿವಾರಾದಲ್ಲಿ ಅಗೆದು ನೋಡಿದಾಗ ಮಂಗಗಳು ಕುಟ್ಟಿದ 3000 ವರ್ಷ ಹಳೆಯ ಕಲ್ಲುಗಳು ಸಿಕ್ಕವು. ಇನ್ನು ಥೈಲ್ಯಾಂಡಿನ ಅಂಡಮಾನ್ ಕರಾವಳಿಯ ಉದ್ದ ಬಾಲದ ಮಂಗಗಳು ಬಂಡೆಗೆ ಅಂಟಿದ ಸಿಂಪಿ ಒಡೆಯಲು ಸಣ್ಣ ಕಲ್ಲು ಹಿಡಿಯುತ್ತವೆ, ಬಿಡಿ ಚಿಪ್ಪು ಜಜ್ಜಲು ದೊಡ್ಡದು. ಕೆಲಸಕ್ಕೆ ತಕ್ಕ ಸಾಧನ.

ಹಾಗಾದರೆ ನಮ್ಮ ಕಡೆಯ ಮಂಗಗಳು? ಪಶ್ಚಿಮ ಘಟ್ಟದ ಸಿಂಗಳೀಕಗಳು ಚುಚ್ಚುವ ರೋಮದ ಕಂಬಳಿಹುಳುವನ್ನು ಎಲೆಯಲ್ಲಿ ಹಿಡಿದು ಉಜ್ಜಿ ತಿಂದದ್ದನ್ನು 1988ರಲ್ಲೇ ವರದಿ ಮಾಡಿದ್ದಾರೆ. ತಲೆಯ ಮೇಲೆ ಟೋಪಿಯಂತೆ ಕೂದಲಿರುವ, ನಾವೆಲ್ಲ ನೋಡಿ ಬೆಳೆದ ಸಾಮಾನ್ಯ ಮಂಗವೂ ಕಡಿಮೆಯೇನಲ್ಲ. ಒಂದು ಹೆಣ್ಣು ಮಂಗ ಕಡ್ಡಿ, ಎಲೆಗಳನ್ನು ತನಗೆ ಬೇಕಾದ ಹಾಗೆ ತಿದ್ದಿಕೊಂಡು ತುರಿಸಿಕೊಳ್ಳಲು ಬಳಸಿದ್ದನ್ನು ಬೆಂಗಳೂರಿನ ವಿಜ್ಞಾನಿ ಅನಿಂದ್ಯ ಸಿನ್ಹಾ 1997ರಲ್ಲಿ ಬರೆದರು. ಬುದ್ಧಿ ಇದೆ, ಕೈಯೂ ಇದೆ. ಆದರೆ ಊಟಕ್ಕೆ ಅದು ಕಲ್ಲು ಹಿಡಿದದ್ದನ್ನು ನಾನಂತೂ ಕಂಡಿಲ್ಲ.

ಅದು ಹಿಡಿದಿರುವುದು ನಮ್ಮನ್ನು.

ಬಂಡೀಪುರದಲ್ಲಿ ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ ಮತ್ತು ಸಿನ್ಹಾ ಅವರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಲ್ಲಿನ ಮಂಗಗಳು ಕೈಯಲ್ಲಿ ತಿಂಡಿ ಇರುವವರ ಎದುರು ಬಂದು ‘ಕೂ’ ಎನ್ನುತ್ತವೆ, ಮುಖ ನೋಡುತ್ತವೆ, ಅಂಗೈ ಚಾಚುತ್ತವೆ. ಈತ ನನ್ನ ಕಡೆ ನೋಡುತ್ತಿದ್ದಾನೋ ಇಲ್ಲವೋ ಎಂದು ಗಮನಿಸುತ್ತವೆ. ವಿಜ್ಞಾನಿಗಳು ಇದನ್ನು ಸಾಧನದ ಬಳಕೆ ಎನ್ನುವುದಿಲ್ಲ, ಉದ್ದೇಶಪೂರ್ವಕ ಸಂವಹನ ಎನ್ನುತ್ತಾರೆ. ಅದು ಸರಿ. ಆದರೆ ನನಗೆ ಬ್ರೆಜಿಲ್ಲಿನ ಕಲ್ಲೇ ನೆನಪಾಗುತ್ತದೆ. ಅಲ್ಲಿ ಕಲ್ಲನ್ನು ತಟ್ಟಿ ತೂಕ ನೋಡಿದ ಹಾಗೆ ಇಲ್ಲಿ ಮನುಷ್ಯನ ತೂಕ ನೋಡುತ್ತವೆ. ಇವನು ಕೊಡುವವನೋ, ಓಡಿಸುವವನೋ?

ಈಗ ನನ್ನ ತಪ್ಪು. ಮೂರು ವರ್ಷದ ಹಿಂದೆ ರಜೆಗೆ ಹೋದಾಗ ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿದೆವು. ಇಲ್ಲೇ ಹುಟ್ಟಿ ಬೆಳೆದ ಮಗಳು ಕಿಟಕಿಯಿಂದ ಬಾಳೆಹಣ್ಣು ಕೊಟ್ಟಳು. ಒಂದು ತಾಯಿ ಮಂಗ ಮೆಲ್ಲಗೆ ಕೈಚಾಚಿ ತೆಗೆದುಕೊಂಡಿತು, ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ನಾನು ವಿಡಿಯೋ ಮಾಡಿದೆ. ಪ್ರಾಣಿಶಾಸ್ತ್ರ ಓದಿದವನು! ಆ ಮರಿ ಆ ಹೊತ್ತಿನಲ್ಲಿ ಏನು ಕಲಿಯುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ರಾತ್ರಿ ಮನೆಯಲ್ಲಿ ಅಣ್ಣನಿಗೆ ವಿಡಿಯೋ ತೋರಿಸಿದೆ. ತೋಟ ನೋಡಿಕೊಳ್ಳುವವನು ಅವನೇ. ಎಳೆ ಅಡಕೆ, ಬಾಳೆ, ಎಳನೀರು ಯಾವುದನ್ನೂ ಮಂಗಗಳು ಬಿಡುವುದಿಲ್ಲ. ಪಟಾಕಿ ಹೊಡೆದೂ ಹೊಡೆದೂ ಅವನಿಗೆ ಸಾಕಾಗಿದೆ. ಅಣ್ಣ ಬೈಯಲಿಲ್ಲ. ‘ನೀವು ಒಂದು ಹಣ್ಣು ಕೊಟ್ಟು ವಿಮಾನ ಹತ್ತುತ್ತೀರಿ ಮಾರಾಯ. ಬಾಕಿ ಲೆಕ್ಕ ಚುಕ್ತಾ ಮಾಡುವವರು ನಾವು’ ಎಂದ. ನನಗೆ ಊಟ ಸೇರಲಿಲ್ಲ.

ಲೆಕ್ಕ ಮಂಗಗಳಿಗೂ ಇದೆ. ರಸ್ತೆ ಬದಿಯಲ್ಲಿ ಕೈಚಾಚಲು ಕಲಿತ ಮಂಗ ವಾಹನದಡಿಗೆ ಸಿಗುತ್ತದೆ. ತೋಟಕ್ಕೆ ನುಗ್ಗಿದ್ದು ಏಟು ತಿನ್ನುತ್ತದೆ, ಬೋನಿಗೆ ಬೀಳುತ್ತದೆ. ದಕ್ಷಿಣ ಭಾರತದಲ್ಲಿ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಇಲ್ಲದ ಈ ಮಂಗವನ್ನು ಈಗ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯವಿರುವ ಪ್ರಾಣಿಗಳ ಸಾಲಿಗೆ ಸೇರಿಸಿದ್ದಾರೆ. ‘ಎಲ್ಲೆಲ್ಲೂ ಮಂಗ’ ಎಂದು ನಾವು ಬೈಯುವಾಗಲೇ ಅದರ ಸಂಖ್ಯೆ ಇಳಿಯುತ್ತಿದೆ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂದು ಗಾದೆ. ಇಲ್ಲಿ ಒರೆಸಿದವರು ನಾವು, ಒರೆಸಿಕೊಂಡದ್ದು ಕೋತಿ.

ಡಿಸೆಂಬರ್ ರಜೆಗೆ ನಿಮ್ಮಲ್ಲಿ ಹಲವರು ಊರಿಗೆ ಹೊರಡುತ್ತೀರಿ. ನನ್ನ ಕೋರಿಕೆ ಸಣ್ಣದು. ಘಾಟಿಯಲ್ಲಿ ಕಾರು ನಿಲ್ಲಿಸಿದರೆ ಕಿಟಕಿ ಏರಿಸಿರಿ, ತಿಂಡಿಯ ಚೀಲ ಒಳಗಿಡಿ, ಸಿಪ್ಪೆ ಎಸೆಯಬೇಡಿ. ಮಕ್ಕಳಿಗೆ ನೋಡಲು ಕೊಡಿ, ಅವರ ಕೈಗೆ ಹಣ್ಣು ಕೊಡಬೇಡಿ. ಮಂಗ ಎಲೆ ಬಿಡಿಸುವುದನ್ನು, ತೊಗಟೆ ಕಿತ್ತು ಹುಳ ಹುಡುಕುವುದನ್ನು ಐದು ನಿಮಿಷ ಸುಮ್ಮನೆ ಕೂತು ನೋಡಲಿ. ಕಲ್ಲು ಆರಿಸುವ ಮಂಗಗಳ ಕಥೆಯನ್ನು ಆಗ ಹೇಳಿ, ಕನ್ನಡದಲ್ಲೇ ಹೇಳಿ.

ಹೋದ ಸಲ ನನ್ನ ಮಗಳು ಅದೇ ತಿರುವಿನಲ್ಲಿ ಕಿಟಕಿ ಏರಿಸಿಕೊಂಡು ಕೂತಿದ್ದಳು. ಒಂದು ಮಂಗ ಬಂದು ನೋಡಿತು, ಕೈಚಾಚಿತು, ಸ್ವಲ್ಪ ಹೊತ್ತು ಕಾದಿತು. ಆಮೇಲೆ ಮರ ಹತ್ತಿ ಹೋಯಿತು. ‘ಅಪ್ಪಾ, ನಮ್ಮನ್ನ ಬಿಡ್ತು’ ಎಂದಳು. ಅವಳ ದನಿಯಲ್ಲಿ ಬೇಸರವೂ ಇತ್ತು, ಖುಷಿಯೂ ಇತ್ತು. ಊರಿಗೆ ಬಂದಮೇಲೆ ಅಣ್ಣನಿಗೆ ಇದನ್ನೂ ಹೇಳಿದೆವು.