'ಹ್ಯಾವ್' ಎಂಬ ಕ್ರಿಯಾಪದ

ಇಂಗ್ಲಿಷಿನಲ್ಲಿ 'ಹ್ಯಾವ್' ಎಂಬ ಕ್ರಿಯಾಪದವಿಲ್ಲದೆ ಒಂದು ದಿನದ ವ್ಯವಹಾರವೂ ಸಾಗದು. ಹಣವಿರಲಿ, ಒಡಹುಟ್ಟಿದವರಿರಲಿ, ಜ್ವರವಿರಲಿ, ಸಂದೇಹವಿರಲಿ, ಎಲ್ಲಕ್ಕೂ ಅದೊಂದೇ ಪದ. ಚಹಾ ಕುಡಿಯುವುದಕ್ಕೂ ಅದೇ. 'ಹ್ಯಾವ್ ಟು ಗೋ' ಎಂದರೆ ಹೋಗಲೇಬೇಕೆಂಬ ನಿರ್ಬಂಧ. 'ಹ್ಯಾವ್ ಗಾನ್' ಎಂಬಲ್ಲಿ ಅದು ಸ್ವಂತ ಅರ್ಥವನ್ನೇ ತೊರೆದು ಬರಿಯ ಸಹಾಯಕ ಕ್ರಿಯಾಪದವಾಗುತ್ತದೆ. ಇದರ ಮೂಲಾರ್ಥ ಹಿಡಿಯುವುದು ಎಂದು. ಲ್ಯಾಟಿನ್ನಿನ 'ಹಬೇರೆ' ರೂಪದಲ್ಲಿಯೂ ಅರ್ಥದಲ್ಲಿಯೂ ಇದನ್ನು ಹೋಲುವುದಾದರೂ, ಭಾಷಾಶಾಸ್ತ್ರಜ್ಞರು ಇದರ ದಾಯಾದಿಯೆನ್ನುವುದು ಹಿಡಿಯೆಂಬರ್ಥದ 'ಕಪೆರೆ'ಯನ್ನು.

ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಹೊಂದುವ ಒಂದೇ ಪದವಿಲ್ಲ. ಇದು ಕೊರತೆಯೆ? ಅಲ್ಲವೆಂದೇ ನಾವು ಭಾವಿಸುತ್ತೇವೆ. 'ನನ್ನಲ್ಲಿ ಹಣವಿದೆ', 'ನನಗೆ ತಂಗಿಯಿದ್ದಾಳೆ', 'ನನಗೆ ಜ್ವರ ಬಂದಿದೆ' ಎಂದು ನಾವು ಭೇದವರಿತು ನುಡಿಯುತ್ತೇವಷ್ಟೆ. ಇಂಗ್ಲಿಷಿನಲ್ಲಿ ಒಡೆಯನೇ ಕರ್ತೃ. ಕನ್ನಡದಲ್ಲಿ ತಂಗಿಯೇ ಕರ್ತೃ. ಕ್ರಿಯಾಪದ ಅವಳನ್ನೇ ಅನುಸರಿಸುತ್ತದೆ, 'ನಾನು' ಎಂಬುದು ಚತುರ್ಥೀ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಲ್ಲುತ್ತದೆ.

ಇದನ್ನು ಮರೆತರೆ ಎರಡು ಭಾಷೆಗಳೂ ಕೆಡುತ್ತವೆ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂಬ ಮಾತು ಇಂಗ್ಲಿಷಿನ ಜಾಯಮಾನಕ್ಕೆ ಒಗ್ಗದು; ಚಹಾ ಕುಡಿಯುವುದು ನಡೆಯುತ್ತಿರುವ ಕಾರ್ಯ, ತಮ್ಮಂದಿರಿರುವುದು ಕಾರ್ಯವಲ್ಲ, ಸ್ಥಿತಿ. ಅಂತೆಯೇ 'ಅವರು ಮೂವರು ಮಕ್ಕಳನ್ನು ಹೊಂದಿದ್ದಾರೆ' ಎಂಬಂಥ ವಾಕ್ಯಗಳು ಇಂದಿನ ವೃತ್ತಪತ್ರಿಕೆಗಳಲ್ಲಿ ವಿರಳವಲ್ಲ. ಜಯವನ್ನು ಹೊಂದಬಹುದು, ಮರಣವನ್ನೂ ಹೊಂದಬಹುದು. ಮಕ್ಕಳನ್ನು ನಮ್ಮ ಮನೆಗಳಲ್ಲಿ ಯಾರೂ 'ಹೊಂದು'ವುದಿಲ್ಲ. ಮಕ್ಕಳು ನಮಗೆ ಇರುತ್ತಾರೆ. ಭಾಷಾಂತರಕ್ಕೆ ಕುಳಿತವರು ಇದೊಂದನ್ನು ನೆನಪಿನಲ್ಲಿಟ್ಟರೂ ಬಹಳ ಉಪಕಾರವಾದೀತು.