ದಂಡಕ್ಕಿಂತ ಮೊದಲು ಒಂದು ಮಾತು: ಮುಖಗವಸು ಧರಿಸುವಂತೆ ಜನರನ್ನು ಕೇಳಿಕೊಳ್ಳುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು ಹಾಗೂ ಕಾಯಕ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ, ಏಪ್ರಿಲ್ 2021)



ಕೋವಿಡ್-19ರ ಎರಡನೆಯ ಅಲೆ ಎದ್ದಿರುವ ಈ ದಿನಗಳಲ್ಲಿ ಮುಖಗವಸು ಧರಿಸಬೇಕೆಂಬುದನ್ನು ಅರಿಯದವರು ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಗಳಲ್ಲಾಗಲಿ ಇಲ್ಲ. ಫೋನ್ ಹಚ್ಚಿದಾಗಲೆಲ್ಲ ಅದೇ ಮಾತು ಕೇಳಿ ಕಿವಿಗಳು ದಣಿದಿವೆ. ಆದರೂ ರಾಜೇಂದ್ರ ಗಂಜಿನಲ್ಲಿ, ಸಂತೆಯಲ್ಲಿ, ಚಹಾದಂಗಡಿಯ ಮುಂದೆ ಮುಖಗವಸು ಗಲ್ಲದ ಮೇಲೋ ಕಿಸೆಯಲ್ಲೋ ಇರುತ್ತದೆ. ಪೊಲೀಸ್ ಜೀಪು ಕಂಡಾಗ ಮೂಗಿಗೇರುತ್ತದೆ, ಜೀಪು ಮರೆಯಾದೊಡನೆ ಕೆಳಗಿಳಿಯುತ್ತದೆ. ಜನರು ಅಂಜುತ್ತಿರುವುದು ದಂಡಕ್ಕೆ.

ದಂಡ ಬೇಡವೆಂದು ಇದರ ಅರ್ಥವಲ್ಲ. ಕಳೆದ ಅಕ್ಟೋಬರಿನಲ್ಲಿ ಸರ್ಕಾರವು ಮಹಾನಗರ ಪಾಲಿಕೆಗಳ ವ್ಯಾಪ್ತಿಗೆ 250, ಉಳಿದೆಡೆಗೆ 100 ರೂಪಾಯಿ ದಂಡವನ್ನು ನಿಗದಿಪಡಿಸಿದೆ. ಆದರೆ ಉದ್ಯೋಗ ಖಾತರಿಯ ದಿನಗೂಲಿ 289 ರೂಪಾಯಿ ಇರುವಲ್ಲಿ ನೂರು ರೂಪಾಯಿ ಸಣ್ಣ ಮೊತ್ತವಲ್ಲ. ಮುಖಗವಸಿಲ್ಲವೆಂದು ಹತ್ತು ಜನರೆದುರು ಗದರಿ ಮನೆಗೆ ಅಟ್ಟಿದರೆ ಆ ದಿನದ ಕೂಲಿಯೂ ಹೋಯಿತು, ಮಾನವೂ ಹೋಯಿತು. ಹಾಗೆ ಹೋದವರು ಮುಂದೆ ಜ್ವರ ಬಂದಾಗ ಯಾರಿಗೂ ಹೇಳುವುದಿಲ್ಲ. ಒರಟು ಮಾತಿನ ನಿಜವಾದ ನಷ್ಟ ಇದೇ.

ಕಳೆದ ವರ್ಷದ ಅನುಭವ ಇನ್ನೂ ಹಸಿಯಾಗಿದೆ. 2020ರ ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಗೆ ದುಡಿಯಲು ಹೋದವರು ಮರಳಿದರು. ಶಾಲೆ, ವಸತಿ ನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ನಮ್ಮವರೇ ಆದ ಅವರನ್ನು ಕಂಡು ಓಣಿಯ ಬಾಗಿಲುಗಳು ಮುಚ್ಚಿದವು. ಹೀಗೆ ನೋಯಿಸಿಕೊಂಡವರಿಗೆ ಕೆಮ್ಮನ್ನು ಬಚ್ಚಿಡುವುದೇ ಜಾಣತನವೆನಿಸಿದರೆ ತಪ್ಪು ಅವರೊಬ್ಬರದೇ ಎನ್ನಲಾಗದು.

ಮುಖಗವಸಿನ ಕೆಲಸವನ್ನು ಸರಿಯಾಗಿ ತಿಳಿದರೆ ಕೇಳುವ ಬಗೆಯೂ ತಾನಾಗಿ ಹೊಳೆಯುತ್ತದೆ. ಮಾತನಾಡುವಾಗ, ಕೆಮ್ಮುವಾಗ ಹೊರಬೀಳುವ ಸೂಕ್ಷ್ಮ ಹನಿಗಳನ್ನು ಬಟ್ಟೆ ತಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಜೂನ್‌ನಲ್ಲಿ ಮೂರು ಪದರಿನ ಬಟ್ಟೆಯ ಮುಖಗವಸನ್ನು ಶಿಫಾರಸು ಮಾಡಿತು. ಇಂತಹ ಗವಸು ಧರಿಸಿದವರಿಗಿಂತ ಹೆಚ್ಚಾಗಿ ಎದುರಿಗಿರುವವರನ್ನು ಕಾಯುತ್ತದೆ. ರೋಗಲಕ್ಷಣವಿಲ್ಲದವರಿಂದಲೂ ಸೋಂಕು ಹರಡಬಲ್ಲದಾದ್ದರಿಂದ ಆರೋಗ್ಯವಂತರೂ ಧರಿಸಬೇಕು. ಹೀಗಿರುವಾಗ ಮುಖಗವಸು ಹಾಕಿಕೊಳ್ಳಿರೆಂದು ಹೇಳುವವರು ಇನ್ನೊಬ್ಬರಿಂದ ಒಂದು ಉಪಕಾರವನ್ನು ಬೇಡುತ್ತಿದ್ದಾರೆ. ಉಪಕಾರವನ್ನು ಗದರಿಸಿ ಬೇಡುವ ಪದ್ಧತಿ ನಮ್ಮಲ್ಲಿಲ್ಲ.

ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಸೆರಗು ಜಾರಿಸಿಕೊಂಡು ನಿಂತ ಅಜ್ಜಿಗೆ "ಏ ಮುದುಕಿ, ಮಾಸ್ಕ್ ಎಲ್ಲಿ" ಎಂದರೆ ಆಕೆ ಸಾಲು ಬಿಟ್ಟು ಹೋದಾಳು, ಇಲ್ಲವೆ ಜಗಳಕ್ಕೆ ನಿಂತಾಳು. "ಯವ್ವಾ, ನನ್ನ ಸಲುವಾಗಿ ಆದ್ರೂ ಸೆರಗು ಮೂಗಿನ ಮ್ಯಾಲ ತಗೋ" ಎಂದರೆ ನಕ್ಕು ಎಳೆದುಕೊಳ್ಳುತ್ತಾಳೆ. ಸೆರಗು ಮೂರು ಪದರಿನ ಗವಸಿಗೆ ಸಮನಲ್ಲ, ನಿಜ. ಸ್ವಸಹಾಯ ಸಂಘದ ಮಹಿಳೆಯರು ಹೊಲಿದ ಗವಸೊಂದನ್ನು ಅಂಗಡಿಯಲ್ಲೇ ಇರಿಸಿದ್ದರೆ ಆಗಲೇ ಕೈಗೆ ಕೊಡಬಹುದು. ಬೈಕಿನಲ್ಲಿ ಬಂದ ಹುಡುಗನಿಗೆ ಬೇರೆ ಮಾತು ಬೇಕು: "ತಮ್ಮಾ, ಮನ್ಯಾಗ ಮುತ್ಯಾ ಅದಾನ, ಅವನ ಸಲುವಾಗಿ ಮೂಗು ಮುಚ್ಕೋ." ಹಿರಿಯರನ್ನು ಕಾಕಾ ಎಂದು ಕರೆದು, ಪಕ್ಕಕ್ಕೆ ನಿಂತು, ಮೆಲುದನಿಯಲ್ಲಿ ಹೇಳಬೇಕು. ಹೇಳುವವರ ಸ್ವಂತ ಗವಸು ಆಗ ಮೂಗಿನ ಮೇಲಿರಬೇಕು. ಸಭೆಗಳ ವೇದಿಕೆಯಲ್ಲಿ ಈ ಒಂದು ನಿಯಮವೇ ಹೆಚ್ಚಾಗಿ ಮುರಿಯುತ್ತಿದೆ.

ಧರಿಸದವರೆಲ್ಲರೂ ಹಟಮಾರಿಗಳಲ್ಲ. ಒಬ್ಬರಿಗೆ ದಮ್ಮು, ಮತ್ತೊಬ್ಬರಿಗೆ ಕಿವಿ ಕೇಳಿಸದು, ಎದುರಿನವರ ತುಟಿ ನೋಡಿಯೇ ಮಾತು ತಿಳಿಯಬೇಕು. ಇರುವ ಒಂದೇ ಗವಸನ್ನು ಒಗೆದು ಒಣಹಾಕಿ ಬಂದವರೂ ಉಂಟು. ಕಾರಣ ಕೇಳಿದ ಮೇಲೆ ಮುಂದಿನ ಮಾತು. ಈ ಜಿಲ್ಲೆಯ ಬಿಸಿಲನ್ನೂ ಮರೆಯುವಂತಿಲ್ಲ. ಕಾಲುವೆಯ ಹೂಳೆತ್ತುವವರು ಗುದ್ದಲಿ ಹಿಡಿದಿರುವಷ್ಟು ಹೊತ್ತೂ ಮೂಗು ಕಟ್ಟಿಕೊಂಡಿರಬೇಕೆಂದರೆ ಉಸಿರು ಸಿಕ್ಕುತ್ತದೆ. ಅಗೆಯುವಾಗ ದೂರ ದೂರ ನಿಲ್ಲಿಸಿ, ಹಾಜರಿ ಕೂಗುವಾಗ, ನೀರಿನ ಬಳಿ ನೆರೆದಾಗ, ಟ್ರ್ಯಾಕ್ಟರ್ ಏರಿದಾಗ ತಪ್ಪದೆ ಧರಿಸುವಂತೆ ಕೇಳಿಕೊಂಡರೆ ಅದು ನಡೆಯುವ ಮಾತು. ಸಾರಿಗೆ ನೌಕರರ ಮುಷ್ಕರದಿಂದ ಬಸ್ಸುಗಳಿಲ್ಲದೆ ಟಂಟಂಗಳಲ್ಲಿ ಒತ್ತಾಗಿ ಕುಳಿತು ಹೋಗುವವರಿಗಂತೂ ಇದನ್ನು ವಿಶೇಷವಾಗಿ ಹೇಳಬೇಕಾಗಿದೆ.

ಬಳಸಿದ ಬಟ್ಟೆಯ ಗವಸನ್ನು ದಿನವೂ ಸಾಬೂನಿನಿಂದ ಒಗೆದು ಬಿಸಿಲಿಗೆ ಹಾಕಬೇಕು; ಬಿಸಿಲಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು. ಹೀಗಾಗಿ ಮನೆಯಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ಎರಡಾದರೂ ಗವಸುಗಳಿವೆಯೇ ಎಂದು ಆಶಾ ಕಾರ್ಯಕರ್ತೆಯರು ಭೇಟಿಯ ವೇಳೆ ವಿಚಾರಿಸುವುದು ಒಳಿತು.

ಕೆಲಸಕ್ಕೆ ದಿನವೂ ಬರುತ್ತಿದ್ದವರು ಒಂದು ದಿನ ಬರದಿದ್ದರೆ ಕಾಯಕ ಬಂಧುವು ಹಾಜರಿ ಪಟ್ಟಿಯಲ್ಲಿ ಗೈರು ಎಂದಷ್ಟೇ ಬರೆದು ಬಿಡದೆ, ಆಶಾ ಕಾರ್ಯಕರ್ತೆಗೆ ತಿಳಿಸಿ, ಸಂಜೆ ಆ ಮನೆಯ ಕಟ್ಟೆಯ ಬಳಿ ದೂರ ನಿಂತು "ಹೆಂಗದೀರಿ" ಎಂದು ಕೇಳಿ ಬರಬೇಕು.