ಎಣ್ಣೆಯ ಬಣ್ಣ ಹೇಳುವುದೇನು?



ನಾವು ಬಾಳುತ್ತಿರುವ ಮಾನೇಸರ್ ಮೋಟಾರುಗಳ ಊರು. 2001ರಲ್ಲಿ ಹೋಂಡಾ ಕಾರ್ಖಾನೆಯ ಸ್ಕೂಟರುಗಳೂ 2007ರಲ್ಲಿ ಮಾರುತಿ ಕಾರುಗಳೂ ಇಲ್ಲಿಂದ ಹೊರಡತೊಡಗಿದವು. ಆದರೆ ನಮ್ಮಲ್ಲಿ ಹಲವರು ಪಾಳಿಗೆ ಹೋಗುವುದು ಹಳೆಯ ಮೋಟಾರ್ ಸೈಕಲ್ಲಿನ ಮೇಲೆ. ರಸ್ತೆಬದಿಯ ಮಿಸ್ತ್ರಿ ಕಡ್ಡಿ ಎತ್ತಿ ತೋರಿಸಿ ‘ತೇಲ್ ಕಾಲಾ ಹೋ ಗಯಾ’ ಎಂದರೆ, ಒಂದು ದಿನದ ಕೂಲಿ ಅಲ್ಲಿಗೇ ಹೋಯಿತು. ಆದ್ದರಿಂದ ಈ ವಿಷಯವನ್ನು ನಾವೇ ಅಷ್ಟಿಷ್ಟು ತಿಳಿದಿರುವುದು ಲೇಸು.

ಹೊಸ ಎಣ್ಣೆಗೆ ಸಾಮಾನ್ಯವಾಗಿ ಜೇನಿನ ಬಣ್ಣ. ಇಂಧನ ಉರಿಯುವಾಗ ಮಸಿ ಹುಟ್ಟುತ್ತದೆ. ಆ ಮಸಿ ಇಂಜಿನ್ನಿನ ಒಳಮೈಗೆ ಅಂಟದೆ ಎಣ್ಣೆಯಲ್ಲೇ ತೇಲಿಕೊಂಡಿರಲೆಂದು ಕೆಲವು ಶುದ್ಧಿಕಾರಕ ದ್ರವ್ಯಗಳನ್ನು ಅದರಲ್ಲಿ ಬೆರೆಸಿರುತ್ತಾರೆ. ಎಣ್ಣೆ ಕಪ್ಪಾಯಿತೆಂದರೆ, ಬಹುಮಟ್ಟಿಗೆ ಅದು ತನ್ನ ಕೆಲಸ ಮಾಡುತ್ತಿದೆಯೆಂದೇ ಅರ್ಥ. ಡೀಸೆಲ್ ಗಾಡಿಯಲ್ಲಂತೂ ಹೊಸ ಎಣ್ಣೆಯೂ ಬೇಗನೆ ಕಾಡಿಗೆಯಂತಾಗುತ್ತದೆ.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ದೆಹಲಿಯ ಸುತ್ತ ಸಿ.ಎನ್.ಜಿ. ಗಾಡಿಗಳು ಬಹಳ. ಗ್ಯಾಸು ಉರಿದಾಗ ಮಸಿ ಕಡಮೆಯಾದ್ದರಿಂದ ಎಣ್ಣೆ ಬಹುಕಾಲ ತಿಳಿಯಾಗಿಯೇ ಕಾಣುತ್ತದೆ. ಆದರೆ ಶಾಖಕ್ಕೆ ಅದರ ಸತ್ವ ಒಳಗೊಳಗೇ ಕುಂದುತ್ತಿರುತ್ತದೆ. ಟ್ಯಾಕ್ಸಿ ಓಡಿಸುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.

ಹಾಗಾದರೆ ಹೆದರಬೇಕಾದ ಬಣ್ಣ ಯಾವುದು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಇಲ್ಲಿಯ ಜನವರಿಯ ಚಳಿಯಲ್ಲಿ ನಿತ್ಯ ಒಂದೆರಡು ಮೈಲಿ ಮಾತ್ರ ಓಡಿಸಿದರೆ, ಇಂಜಿನ್ನು ಪೂರ್ತಿ ಕಾಯದೆ ಮುಚ್ಚಳದ ಅಡಿಯಲ್ಲಿ ತೇವ ಕೆನೆಕಟ್ಟುವುದುಂಟು. ದೂರದ ಓಟದಿಂದ ಅದು ಸಾಮಾನ್ಯವಾಗಿ ಹೋಗುತ್ತದೆ. ಅಳತೆಕಡ್ಡಿಯ ಮೇಲೂ ಅದೇ ಬಣ್ಣವಿದ್ದು, ಕಾರಿನ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ ತೋರಿಸಬೇಕು. ಎಣ್ಣೆ ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ ಇಂಧನ ಬೆರೆತಿದೆ. ಬೆಳಕಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ ಒಳಗಿನ ಭಾಗಗಳು ಸವೆಯುತ್ತಿವೆ. ಹಳೆಯ ಗಾಡಿ ಕೊಳ್ಳುವವರು ಹಣ ಎಣಿಸುವ ಮೊದಲೇ ಇವನ್ನು ನೋಡಿಕೊಳ್ಳಬೇಕು.

ಎಣ್ಣೆ ಬದಲಿಸುವ ಕಾಲವನ್ನು ಬಣ್ಣ ನೋಡಿ ನಿಶ್ಚಯಿಸಲಾಗದು. ಗಾಡಿಯ ಜೊತೆಗೆ ಬರುವ ಪುಸ್ತಕದಲ್ಲಿ ಇಷ್ಟು ಕಿಲೋಮೀಟರು, ಇಷ್ಟು ತಿಂಗಳು ಎಂದು ಬರೆದಿರುತ್ತದೆ. ಯಾವುದು ಮೊದಲು ತುಂಬುವುದೋ ಅದೇ ಲೆಕ್ಕ. ಬದಲಿಸಿದ ದಿನವನ್ನೂ ಮೀಟರಿನ ಅಂಕಿಯನ್ನೂ ಚೀಟಿಯಲ್ಲಿ ಬರೆದಿಟ್ಟರೆ ಯಾರ ಮಾತಿಗೂ ಮರುಳಾಗಬೇಕಾಗಿಲ್ಲ. ವಾರಕ್ಕೊಮ್ಮೆ ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಪುಸ್ತಕದಲ್ಲಿ ಹೇಳಿದಂತೆ ಎಣ್ಣೆಯ ಮಟ್ಟ ನೋಡೋಣ. ಕಪ್ಪು ಎಣ್ಣೆಯಿಂದ ಗಾಡಿ ಓಡೀತು. ಎಣ್ಣೆಯೇ ಇಲ್ಲದೆ ಓಡದು.

ಹೊಸ ಡಬ್ಬಿಯ ಮೊಹರನ್ನು ನಮ್ಮೆದುರಿಗೇ ಒಡೆಸೋಣ. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಲು ಬಿಡದಿರೋಣ.